ಗುಳಿಗಿಯ ಹೊತ್ತು
ಬನದ ಹುಣ್ಣಿಮೆಗೆ ಚೊಳಚಗುಡ್ಡದಲ್ಲಿ ಬನಶಂಕರಿ ಜಾತ್ರೆ. ನಾಟಕಗಳು ಬೆಳತನಕ ನಡೆಯುತ್ತವೆ. ಊಟ, ನಿದ್ದೆಯ ಹೊತ್ತೇ ಬದಲಾಗುತ್ತದೆ. ಗುಳಿಗಿ ನೆನಪಿಸುವ ಮೊಬೈಲಿಗೆ ಇದು ಗೊತ್ತಿರುವುದಿಲ್ಲ.

ವೈದ್ಯಕೀಯ ಸೇವೆ ಮನೆಗೇ ಬಂದಿದೆ, ನಿಜ: 2020ರಿಂದ ಸರ್ಕಾರದ ಆನ್‌ಲೈನ್ ಸೇವೆ ಇ-ಸಂಜೀವಿನಿಯಲ್ಲಿ ಮನೆಯಿಂದಲೇ ವೈದ್ಯರ ಸಲಹೆ ಪಡೆಯಬಹುದು. 2024ರಲ್ಲಿ ಕೋಲಾರದಿಂದ ಶುರುವಾದ ಗೃಹ ಆರೋಗ್ಯ ಯೋಜನೆ ಬಿ.ಪಿ., ಶುಗರ್ ತಪಾಸಣೆಯನ್ನು ಮನೆ ಬಾಗಿಲಿಗೆ ತಂದಿತು. ಎರಡೂ ದೊಡ್ಡ ಹೆಜ್ಜೆಗಳೇ. ಇನ್ನು ಆಗಬೇಕಾದದ್ದು, ಈ ಸೇವೆಗಳನ್ನು ಒಬ್ಬೊಬ್ಬ ರೋಗಿಗೂ ಹೊಂದಿಸುವ ಕೆಲಸ.

ಉದಾಹರಣೆಗೆ, ದಪ್ಪ ತೋಳಿಗೆ ಚಿಕ್ಕ ಪಟ್ಟಿ ಸುತ್ತಿದರೆ ಯಂತ್ರ ಬಿ.ಪಿ.ಯನ್ನು ಇದ್ದದ್ದಕ್ಕಿಂತ ಹೆಚ್ಚು ತೋರಿಸುತ್ತದೆ. ಜೋಳದ ರೊಟ್ಟಿ ಉಣ್ಣುವವರಿಗೆ ಓಟ್ಸ್ ತಿನ್ನಿ ಎಂದರೆ ಯಾರು ಪಾಲಿಸುತ್ತಾರೆ? ರೊಟ್ಟಿ ಎಷ್ಟು, ಉಪ್ಪಿನಕಾಯಿ ಎಷ್ಟು ಎಂದು ಹೇಳಬೇಕು. ಓದು ಬಾರದವರಿಗೆ ಮೆಸೇಜ್ ಕಳಿಸಿ ಪ್ರಯೋಜನವಿಲ್ಲ, "ಅವ್ವಾರ, ಊಟ ಆತೇನ್ರಿ? ಗುಳಿಗಿ ತಗೋರಿ" ಎನ್ನುವ ದನಿಯ ಕರೆ ಬೇಕು. ಕಿವಿ ಮಂದವಾದವರಿಗೆ ಆ ಕರೆ ಮಗಳ ಅಥವಾ ಸೊಸೆಯ ಫೋನಿಗೆ ಹೋಗಬೇಕು.

ಮನೆಗೆ ಯಂತ್ರ ತರುವ ಮೊದಲು ಹಿರಿಯರನ್ನೇ ಕೇಳಿ: ಎಷ್ಟೊತ್ತಿಗೆ ಏಳುತ್ತೀರಿ, ಏನು ಉಣ್ಣುತ್ತೀರಿ, ಹೊಲಕ್ಕೆ ಯಾವಾಗ ಹೋಗುತ್ತೀರಿ? ಅವರು ಹೇಳಿದ್ದನ್ನು ಬರೆದಿಟ್ಟು ಡಾಕ್ಟರಿಗೂ ಆಶಾ ಕಾರ್ಯಕರ್ತೆಗೂ ತಪ್ಪದೆ ತಿಳಿಸಿ.