ಯಾರ ಹೊಲ ಮೇಯ್ತಾವು?

ಆನ್‌ಸೈಟ್ ಅಂತ ನಾಟಿಂಗ್‌ಹ್ಯಾಮ್‌ಗೆ ಹೋಗಿ ಎರಡು ತಿಂಗಳಾಗಿತ್ತು. ಅಕ್ಟೋಬರ್‌ನ ಒಂದು ಶನಿವಾರ ಟೀಮಿನವರೆಲ್ಲ ವೊಲಟನ್ ಹಾಲ್ ನೋಡೋಕೆ ಹೊರಟೆವು. ‘ದ ಡಾರ್ಕ್ ನೈಟ್ ರೈಸಸ್’ ಸಿನಿಮಾದಲ್ಲಿ ಬ್ಯಾಟ್‌ಮ್ಯಾನ್‌ನ ಬಂಗಲೆ ಅಂತ ತೋರಿಸಿರೋದು ಇದನ್ನೇ. ನಮ್ಮ ಹುಡುಗರಿಗೆ ಅಷ್ಟು ಸಾಕಿತ್ತು.

ದಿಬ್ಬದ ಮೇಲಿನ ಆ ಬಂಗಲೆ ಕಟ್ಟಿ ಮುಗಿದದ್ದು 1588ರಲ್ಲಿ. ಸರ್ ಫ್ರಾನ್ಸಿಸ್ ವಿಲ್ಲೊಬಿ ಅನ್ನೋ ಸಾಹುಕಾರ ಕಲ್ಲಿದ್ದಲಿನ ದುಡ್ಡಲ್ಲಿ ಕಟ್ಟಿಸಿದ್ದು. 1925ರಲ್ಲಿ ನಗರಾಡಳಿತ ಅದನ್ನು ಕೊಂಡುಕೊಂಡಿತು. ಈಗ ಒಳಗೆ ಮ್ಯೂಸಿಯಂ, ಸುತ್ತ ಐನೂರು ಎಕರೆ ಪಾರ್ಕು, ಪಾರ್ಕಿನ ತುಂಬ ಜಿಂಕೆ. ಅದು ಬೆದೆಯ ಕಾಲ. ದೊಡ್ಡ ಕೊಂಬಿನ ಗಂಡುಗಳು ಗಂಟಲು ಹರಿಯೋ ಹಾಗೆ ಕೂಗ್ತಿದ್ದವು. ಎಲ್ಲರೂ ಫೋನ್ ಹಿಡಿದು ನಿಂತಿದ್ದರು. ನಾನು ಅಪ್ಪನಿಗೆ ವಿಡಿಯೋ ಕಾಲ್ ಮಾಡಿದೆ.

ಅಪ್ಪ ಸುಮಾರು ಹೊತ್ತು ನೋಡಿದ. ಆಮೇಲೆ ಕೇಳಿದ, “ಅಲ್ಲಿ ಚಿಗರಿ ಯಾರ ಹೊಲ ಮೇಯ್ತಾವೋ ತಮ್ಮಾ?”

“ಗ್ವಾಡಿ ಐತಿ ಅಪ್ಪಾ, ಹೊರಗ ಬರಂಗಿಲ್ಲ.”

“ಹಂಗಾದ್ರ ಚಲೋ ಆತು” ಅಂದು ಫೋನ್ ಇಟ್ಟ.

ನಮ್ಮೂರು ಹಾವೇರಿ ಜಿಲ್ಲೆಯಲ್ಲಿ, ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯದಿಂದ ದೂರ ಏನಿಲ್ಲ. ಕೃಷ್ಣಮೃಗ ಅಂತ ನಾನು ಬಿಇ ಸೇರಿದ ಮೇಲೆ ಹೇಳೋಕೆ ಶುರು ಮಾಡಿದ್ದು. ಊರಲ್ಲಿ ಅದು ಚಿಗರಿ. ಗೋವಿನಜೋಳ ಗೇಣುದ್ದ ಎದ್ದಿತು ಅನ್ನೋವಾಗ ಹಿಂಡು ಬರುತ್ತೆ, ಬೆಳಗಾದ್ರೆ ಸಾಲಿಗೆ ಸಾಲೇ ಖಾಲಿ. ಹಿಂದಿನ ವರ್ಷ ಎರಡು ಸಲ ಬಿತ್ತಿ ಸೋತ ಅಪ್ಪ, ಬೇಲಿಗೆ ಕರೆಂಟ್ ಕೊಡ್ತೀನಿ ಅಂದಿದ್ದ. ನಾನು ಬೆಂಗಳೂರಿನ ಏಸಿ ರೂಮಲ್ಲಿ ಕೂತು ಅರ್ಧ ಗಂಟೆ ಕಾನೂನು ಹೇಳಿದ್ದೆ. ಪಾಪದ ಪ್ರಾಣಿ ಅಂದಿದ್ದೆ. ನಾನು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಅಪ್ಪ “ಹೂಂ” ಅಂದ, ಬೇಲಿಯ ಮಾತು ಬಿಟ್ಟ. ಅವತ್ತಿಂದ ರಾತ್ರಿ ಹೊಲದಲ್ಲೇ ಮಲಗ್ತಾನೆ, ಒಂದು ಬ್ಯಾಟರಿ, ಒಂದು ತಗಡಿನ ಡಬ್ಬಿ ಇಟ್ಟುಕೊಂಡು. ಅವನ ಎರಡನೇ ಬಿತ್ತನೆಯ ಬೀಜಕ್ಕೆ ಎಷ್ಟಾಯ್ತು ಅಂತ ನಾನು ಕೇಳಲೇ ಇಲ್ಲ.

ಮಧ್ಯಾಹ್ನ ಅಲ್ಲಿಗೆ ಹತ್ತಿರದ ಆಟನ್‌ಬರೋ ನಿಸರ್ಗಧಾಮಕ್ಕೆ ಹೋದೆವು. ಟ್ರೆಂಟ್ ನದಿ ಪಕ್ಕ, 1929ರಿಂದ ಜಲ್ಲಿಗಾಗಿ ಅಗೆದ ಗುಂಡಿಗಳು. ನೀರು ತುಂಬಿ ಕೆರೆಗಳಾದವು, ಹಕ್ಕಿ ಬಂದವು. 1966ರಲ್ಲಿ ಡೇವಿಡ್ ಆಟನ್‌ಬರೋ ಅವರೇ ಉದ್ಘಾಟಿಸಿದ್ದು. ಹಂಸ, ಬಾತುಕೋಳಿ ನೋಡ್ತಾ ಕೂತರೆ ಹೊತ್ತು ಹೋಗಿದ್ದೇ ಗೊತ್ತಾಗಲ್ಲ. ನಾನೂ ಕೂತೆ. ಮನುಷ್ಯ ಅಗೆದು ಮುಗಿಸಿ ಬಿಟ್ಟ ಜಾಗ ಅದು. ಅಲ್ಲಿ ಹಕ್ಕಿ ಬಂದರೆ ಯಾರ ಬೆಳೆಯೂ ಹೋಗಲ್ಲ.

ವಾಪಸ್ ಬರುವಾಗ ಬಸ್ಸಲ್ಲಿ ವೊಲಟನ್ ಪಾರ್ಕಿನ ಇತಿಹಾಸ ಓದ್ತಿದ್ದೆ. ಆ ಹುಲ್ಲುಗಾವಲಿನ ಜಾಗದಲ್ಲಿ ಹಿಂದೆ ಸಟನ್ ಪ್ಯಾಸಿಸ್ ಅನ್ನೋ ಹಳ್ಳಿ ಇತ್ತಂತೆ. ಮನೆ, ಹೊಲ, ಎಲ್ಲ. ಈಗ ಊರೇ ಇಲ್ಲ, ಹೆಸರಷ್ಟೇ ಇದೆ.

ಅಪ್ಪನ ಪ್ರಶ್ನೆಗೆ ನಾನು ಕೊಟ್ಟ ಉತ್ತರ ತಪ್ಪಾಗಿತ್ತು. ನಾನು ಬೆಳಿಗ್ಗೆ ಫೋಟೋ ತೆಗೆದ ಜಿಂಕೆಗಳು ಮೇಯ್ತಿದ್ದದ್ದು ಒಂದು ಊರಿನ ಹೊಲ. ಜಿಂಕೆ ಚೆಂದ ಅನ್ನೋದು ಸುಲಭ, ಅದು ಬೇರೆಯವರ ಹೊಲ ಮೇಯ್ತಿರೋ ತನಕ.

ರಾತ್ರಿ ಹತ್ತಕ್ಕೆ ಫೋನ್ ಮಾಡಿದೆ. ಊರಲ್ಲಿ ಆಗ ಎರಡೂವರೆ. ಮೊದಲನೇ ರಿಂಗಿಗೇ ಎತ್ತಿದ.

“ಅಪ್ಪಾ, ಬೀಜಕ್ಕ ಎಷ್ಟಾತು?”

“ಈಗ್ಯಾಕ ಅದು?”

“ಸುಮ್ನ ಕೇಳ್ದೆ. ಆ ಪಾರ್ಕಿನ್ಯಾಗ ಮದಲ ಒಂದು ಊರಿತ್ತಂತ.”

ಅಪ್ಪ ಸ್ವಲ್ಪ ಸುಮ್ಮನಿದ್ದ. “ಆ ಊರಿನ ಮಂದಿ ಎಲ್ಲಿ ಹೋದ್ರು?”

ನಾನು ಬಾಯಿ ತೆರೆಯೋ ಮೊದಲೇ, “ತಡಿ, ಬಂದಂಗದಾವು” ಅಂದ. ತಗಡಿನ ಡಬ್ಬಿಯ ಸದ್ದು ಫೋನಿನಲ್ಲಿ ಬಹಳ ಹೊತ್ತು ಕೇಳಿಸ್ತಿತ್ತು.