‘ಅಡ್ಡಿ ಇಲ್ಲ’ ಅಂದರೆ ಎಷ್ಟು ನಕ್ಷತ್ರ?

ಹಾವೇರಿ ಕಡೆಯ ನಿವೃತ್ತ ಮಾಸ್ತರರೊಬ್ಬರು ಜೂನ್ ತಿಂಗಳ ನಡುವೆ ಮೊಮ್ಮಗನನ್ನು ಕಾಲೇಜಿಗೆ ಸೇರಿಸಲು ಪುಣೆಗೆ ಬಂದರು. ಕೋಥರೂಡಿನ ಒಂದು ಹಳೆಯ ಮನೆಯ ಮಹಡಿ ಕೋಣೆಯಲ್ಲಿ ನಾಲ್ಕು ರಾತ್ರಿ ಉಳಿದರು. ಕೋಣೆಯನ್ನು ಆ್ಯಪಿನಲ್ಲಿ ಹುಡುಕಿಕೊಟ್ಟದ್ದು ಮೊಮ್ಮಗ. ಮನೆಯೊಡತಿ ಧಾರವಾಡದ ಹೆಣ್ಣುಮಗಳು ಎಂದು ಗೊತ್ತಾದದ್ದು ಬಾಗಿಲು ತೆರೆದ ಮೇಲೆ. ಆಮೇಲೆ ಕೇಳಬೇಕೆ? ಬಾಡಿಗೆಯಲ್ಲಿ ಸೇರದ ಜೋಳದ ರೊಟ್ಟಿ, ಶೇಂಗಾ ಚಟ್ನಿ ಎರಡು ದಿನ ಮಹಡಿ ಹತ್ತಿದವು. ಹೊರಡುವಾಗ ಮಾಸ್ತರರು, “ಮನ್ಯಾಗ ಇದ್ದಂಗ ಆತು ನೋಡ್ರಿ,” ಎಂದು ಕೈಮುಗಿದರು.

ಮೂರನೆಯ ದಿನ ಅವರ ವಿಮರ್ಶೆ ಬಂತು. ಕನ್ನಡದಲ್ಲೇ ಬರೆದಿದ್ದರು: ‘ಕೋಣೆ ಸ್ವಚ್ಛ. ಊಟ ರುಚಿ. ಒಟ್ಟಿನಲ್ಲಿ ಅಡ್ಡಿ ಇಲ್ಲ.’ ಮೇಲೆ ನಾಲ್ಕು ನಕ್ಷತ್ರ.

ಆ ಹಿಂದಿನ ಒಂದು ವರ್ಷದಲ್ಲಿ ಆಕೆಯ ಕೋಣೆಗೆ 23 ವಿಮರ್ಶೆ ಬಂದಿದ್ದವು. ನಾಲ್ಕು ಜನ ನಾಲ್ಕು ಕೊಟ್ಟಿದ್ದರು, ಉಳಿದವರೆಲ್ಲ ಐದು. ಸರಾಸರಿ 4.83. ಮಾಸ್ತರರ ನಾಲ್ಕು ಸೇರಿದ ಮೇಲೆ ಅದು 4.79 ಆಯಿತು. ನೂರರಲ್ಲಿ ನಾಲ್ಕು ಭಾಗದ ಇಳಿತ. ಆದರೆ ಗೆರೆ ಇರುವುದು 4.8ರಲ್ಲಿ.

ಗೆರೆಯ ಲೆಕ್ಕ ತಿಳಿಯಲು ಈ ವ್ಯವಹಾರದಲ್ಲಿ ಎಲ್ಲರಿಗೂ ಗೊತ್ತಿರುವ ಹೆಸರನ್ನೇ ತೆಗೆದುಕೊಳ್ಳಬಹುದು. 2008ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಶುರುವಾದ ಏರ್‌ಬಿಎನ್‌ಬಿ ತನ್ನ ಒಳ್ಳೆಯ ಆತಿಥೇಯರಿಗೆ ‘ಸೂಪರ್‌ಹೋಸ್ಟ್’ ಎಂಬ ಬ್ಯಾಡ್ಜ್ ಕೊಡುತ್ತದೆ. ಅದಕ್ಕೆ ಹಿಂದಿನ 365 ದಿನಗಳ ಸರಾಸರಿ ಕನಿಷ್ಠ 4.8 ಇರಬೇಕು. ಬಂದ ವಿಚಾರಣೆಗಳಲ್ಲಿ ಶೇ. 90ಕ್ಕಾದರೂ 24 ಗಂಟೆಯೊಳಗೆ ಉತ್ತರ ಹೋಗಿರಬೇಕು. ಒಪ್ಪಿಕೊಂಡ ಬುಕಿಂಗನ್ನು ತಾವಾಗಿ ರದ್ದು ಮಾಡಿದ್ದು ಶೇ. 1ಕ್ಕಿಂತ ಕಡಿಮೆ ಇರಬೇಕು. ಪರೀಕ್ಷೆ ವರ್ಷಕ್ಕೆ ನಾಲ್ಕು ಸಲ: ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ತಿಂಗಳ ಮೊದಲ ದಿನ. ಆಕೆಯ ಕೋಣೆ ಇರುವ ಆ್ಯಪಿನಲ್ಲೂ ಹೆಚ್ಚುಕಡಿಮೆ ಇದೇ ಲೆಕ್ಕ.

4.8 ಅಂದರೆ ಏನೆಂದು ಬೆರಳು ಮಡಚಿ ನೋಡಬೇಕು. ಒಬ್ಬ ಅತಿಥಿ ನಾಲ್ಕು ಕೊಟ್ಟರೆ ಅದನ್ನು ತುಂಬಲು ನಾಲ್ಕು ಜನ ಐದು ಕೊಡಬೇಕು. ಒಬ್ಬ ಸಿಟ್ಟಿನಲ್ಲಿ ಒಂದು ಕೊಟ್ಟು ಹೋದರೆ, ಅವನ ಹಿಂದೆ 19 ಜನ ಸಾಲಾಗಿ ಬಂದು ಐದೈದು ಕೊಡಬೇಕು. ದೊಡ್ಡ ಹೋಟೆಲಿಗೆ 19 ಜನ ಒಂದು ಮಧ್ಯಾಹ್ನದ ಮಾತು. ಒಂದೇ ಕೋಣೆಯ ಮನೆಗೆ ಅದು ಮುಕ್ಕಾಲು ವರ್ಷ.

ಹಾಗಾದರೆ ನಾಲ್ಕು ನಕ್ಷತ್ರ ಹೊಗಳಿಕೆಯಲ್ಲವೆ? ಅಲ್ಲ. 2015ರಲ್ಲಿ ಅಮೆರಿಕದ ಬಾಸ್ಟನ್ ವಿಶ್ವವಿದ್ಯಾಲಯದ ಮೂವರು ಸಂಶೋಧಕರು ಏರ್‌ಬಿಎನ್‌ಬಿಯ 6 ಲಕ್ಷಕ್ಕೂ ಹೆಚ್ಚು ಮನೆಗಳ ಅಂಕ ನೋಡಿದರು. ಶೇ. 95ರಷ್ಟು ಮನೆಗಳು ನಾಲ್ಕೂವರೆ ಅಥವಾ ಐದರಲ್ಲಿದ್ದವು. ಮೂರೂವರೆಗಿಂತ ಕೆಳಗಿನವು ಇಲ್ಲವೆನ್ನುವಷ್ಟು ಕಡಿಮೆ. ಅದೇ ಹೊತ್ತಿನಲ್ಲಿ ಟ್ರಿಪ್‌ಅಡ್ವೈಸರ್‌ನಲ್ಲಿ ಜಗತ್ತಿನ ಹೋಟೆಲುಗಳ ಸರಾಸರಿ 3.8 ಇತ್ತು. ಅಂದರೆ ಮನೆಗಳ ವಿಷಯದಲ್ಲಿ ಐದು ಎಂದರೆ ‘ಸರಿಯಾಗಿತ್ತು’, ನಾಲ್ಕು ಎಂದರೆ ‘ಏನೋ ತೊಂದರೆ ಇತ್ತು’. ಈ ನಿಘಂಟು ಆತಿಥೇಯರಿಗೆಲ್ಲ ಬಾಯಿಪಾಠ. ಅತಿಥಿಗಳಲ್ಲಿ ಎಷ್ಟೋ ಜನರಿಗೆ ಇಂಥದ್ದೊಂದು ಇದೆ ಎಂಬುದೇ ಗೊತ್ತಿಲ್ಲ.

ಮಾಸ್ತರರ ಬಳಿ ಇದ್ದದ್ದು ಬೇರೆ ನಿಘಂಟು. ಅದರಲ್ಲಿ ಪಂಚತಾರಾ ಎಂದರೆ ಈಜುಕೊಳ, ಬಾಗಿಲಲ್ಲಿ ಪೇಟ ಸುತ್ತಿದ ದರವಾನ. ಅದೂ ತಪ್ಪಲ್ಲ. ನಮ್ಮ ದೇಶದಲ್ಲಿ ಪ್ರವಾಸೋದ್ಯಮ ಸಚಿವಾಲಯ ಹೋಟೆಲುಗಳಿಗೆ ನಕ್ಷತ್ರ ಕೊಡುವುದು ಸೌಲಭ್ಯ ನೋಡಿ. ಮೂರು ನಕ್ಷತ್ರದ ಹೋಟೆಲು ಆ ಮೂರನ್ನು ಬೋರ್ಡಿನ ಮೇಲೆ ಹೆಮ್ಮೆಯಿಂದ ಬರೆಸುತ್ತದೆ. ಒಂದೇ ಚಿಹ್ನೆಗೆ ಎರಡು ಅರ್ಥ: ಒಂದು, ಮನೆ ಎಂಥದ್ದು, ಇನ್ನೊಂದು, ಹೇಳಿದ್ದನ್ನು ಕೊಟ್ಟರೆ, ಇದ್ದವರಿಗೆ ಹಿಡಿಸಿತೆ. ಸಿಮೆಂಟಿನ ನೆಲದ ಕೋಣೆಗೆ ಐದು ಕೊಡುವುದು ಮಾಸ್ತರರಿಗೆ ಸುಳ್ಳು ಹೇಳಿದ ಹಾಗೆ.

ಇದರ ಮೇಲೆ ಅಂಕ ಕೊಡುವ ಕೈಯ ಹಳೆಯ ರೂಢಿ. ಅರವತ್ತಕ್ಕೆ ಫಸ್ಟ್ ಕ್ಲಾಸ್ ಎನ್ನುವ ಲೋಕದಲ್ಲಿ ಸರ್ವಿಸ್ ಮುಗಿಸಿದವರಿಗೆ ಐದರಲ್ಲಿ ನಾಲ್ಕು ಎಂದರೆ ಎಂಬತ್ತು. ಕನ್ನಡ ಪೇಪರಿನಲ್ಲಿ ಎಂಬತ್ತು ಕೊಟ್ಟ ಮಾಸ್ತರರನ್ನು ಮಕ್ಕಳು ವರ್ಷಗಟ್ಟಲೆ ನೆನೆಯುತ್ತಿದ್ದರು. ಇನ್ನು ‘ಅಡ್ಡಿ ಇಲ್ಲ’ ಎಂಬ ಮಾತು. ಬೆಂಗಳೂರು, ಮೈಸೂರು ಕಡೆ ‘ಪರವಾಗಿಲ್ಲ’ ಮಾಡುವ ಕೆಲಸವನ್ನು ಧಾರವಾಡದ ಕಡೆ ಇದು ಮಾಡುತ್ತದೆ. ಬೀಗರು ಹೆಣ್ಣು ನೋಡಿ ಹೊರಗೆ ಬಂದು ‘ಅಡ್ಡಿ ಇಲ್ಲ’ ಎಂದರೆ ಒಳಗೆ ಸಕ್ಕರೆ ಹಂಚುತ್ತಾರೆ. ಬಾಯಿತುಂಬ ಹೊಗಳಿದರೆ ದೃಷ್ಟಿಯಾದೀತು ಎಂಬ ಭಯವೂ, ಹೊಗಳಿಕೆ ಅಗ್ಗವಾಗಬಾರದು ಎಂಬ ಬಿಗಿಯೂ ಆ ಎರಡು ಪದಗಳಲ್ಲಿವೆ. ಆ್ಯಪಿನ ಅನುವಾದ ಯಂತ್ರ ಅದನ್ನು ಇಂಗ್ಲಿಷಿನಲ್ಲಿ ‘ನೋ ಅಬ್‌ಸ್ಟ್ರಕ್ಷನ್’ ಎಂದು ಮಾಡಿತ್ತು. ದಿಲ್ಲಿಯಲ್ಲೋ ಚೆನ್ನೈಯಲ್ಲೋ ಕೂತು ಕೋಣೆ ಹುಡುಕುವವರಿಗೆ ಕಾಣುವುದು ಅದು.

ಆಕೆಗೆ ಇದು ಮಾನದ ಪ್ರಶ್ನೆ ಮಾತ್ರವಾಗಿರಲಿಲ್ಲ. ಹಾಸಿಗೆ ಹಿಡಿದ ಅತ್ತೆಯನ್ನು ಹಗಲು ನೋಡಿಕೊಳ್ಳುವ ಬಾಯಿಯ ಸಂಬಳ ಬರುವುದು ಮಹಡಿ ಕೋಣೆಯಿಂದ. ಬ್ಯಾಡ್ಜ್ ಇರುವ ಮನೆಗಳನ್ನು ಮಾತ್ರ ತೋರಿಸು ಎಂದು ಹುಡುಕುವವರು ಇರುತ್ತಾರೆ. ಬ್ಯಾಡ್ಜ್ ಇಲ್ಲದ ದಿನ ಅವರ ಪಾಲಿಗೆ ಆ ಮನೆಯೇ ಇಲ್ಲ.

ಭಯ ಮೊದಲು ಮನೆಯ ನಡವಳಿಕೆಯಲ್ಲಿ ಕಾಣಿಸಿಕೊಳ್ಳುತ್ತದೆ. ರಾತ್ರಿ ಹನ್ನೊಂದಕ್ಕೆ ‘ಇನ್ನೊಂದು ದಿಂಬು ಇದೆಯೆ’ ಎಂಬ ಸಂದೇಶ ಬಂದರೂ ಮುಖ ಸಣ್ಣದಾಗುವಂತಿಲ್ಲ. ಇಬ್ಬರೆಂದು ಹೇಳಿ ನಾಲ್ವರು ಬಂದಾಗ ಆಕೆ ಒಮ್ಮೆ ಏನೂ ಅನ್ನದೆ ಚಾಪೆ ಕೊಟ್ಟಿದ್ದಳು. ರಸ್ತೆಯಲ್ಲಿ ಗಣಪತಿಯ ಡೋಲು ಜೋರಾಯಿತೆಂದು ಒಬ್ಬರು ನಾಲ್ಕು ಕೊಟ್ಟಿದ್ದರು. ಗಣಪತಿಯನ್ನು ಆಕೆ ಸುಮ್ಮನಿರಿಸಲಾದೀತೆ? ಪ್ರೀತಿಯಿಂದ ಕೊಟ್ಟ ರೊಟ್ಟಿಯ ಹಿಂದೆಯೂ ಈಗ ಆಕೆಗೇ ಒಂದು ಅನುಮಾನ: ಇದು ಊರಿನವರಿಗೋ, ನಕ್ಷತ್ರಕ್ಕೋ?

ಆದರೂ ಆಕೆ ನಕ್ಷತ್ರಗಳನ್ನು ಬೈಯುವುದಿಲ್ಲ. ಹಗಲೆಲ್ಲ ಹೆಂಗಸರೇ ಇರುವ ಮನೆಯ ಕೋಣೆಯನ್ನು ಗುರುತಿಲ್ಲದವರಿಗೆ ಕೊಡುವ ಧೈರ್ಯ ಬಂದದ್ದು ಅವುಗಳಿಂದಲೇ. ಬರುವವರ ಬಗ್ಗೆ ಹಿಂದಿನ ಮನೆಯವರು ಬರೆದದ್ದನ್ನು ಓದದೆ ಆಕೆ ಯಾರಿಗೂ ಹೂಂ ಎಂದಿಲ್ಲ. ಏರ್‌ಬಿಎನ್‌ಬಿಯಲ್ಲಿ 2014ರಿಂದ ಎರಡೂ ಕಡೆಯವರು ಬರೆದು ಮುಗಿಸುವವರೆಗೆ, ಅಥವಾ 14 ದಿನ ಕಳೆಯುವವರೆಗೆ, ಒಬ್ಬರದು ಇನ್ನೊಬ್ಬರಿಗೆ ಕಾಣುವುದಿಲ್ಲ. ಸೇಡು ತೀರಿಸಿಕೊಳ್ಳದಿರಲಿ ಎಂದು ಮಾಡಿದ ಏರ್ಪಾಡು. ಆಕೆಯ ಆ್ಯಪಿನಲ್ಲೂ ಹಾಗೆಯೇ. ಮಾಸ್ತರರು ಹೋದ ಸಂಜೆಯೇ ಆಕೆ ಅವರಿಗೆ ಐದು ಕೊಟ್ಟಿದ್ದಳು.

ಜುಲೈ 1ಕ್ಕೆ ಮೊದಲು ಒಂದೇ ಬುಕಿಂಗ್ ಉಳಿದಿತ್ತು, ನಾಗಪುರದ ಗಂಡ ಹೆಂಡತಿ. ಅವರು ಐದು ಕೊಟ್ಟರೆ 25 ವಿಮರ್ಶೆಗೆ ಸರಾಸರಿ ಸರಿಯಾಗಿ 4.80. ಬೆಂಗಳೂರಿನಲ್ಲಿರುವ ಮಗಳು ಒಂದು ಕಾರ್ಡು ಮಾಡಿ ಕಳಿಸಿದಳು, ಮರಾಠಿ, ಹಿಂದಿ, ಇಂಗ್ಲಿಷಿನಲ್ಲಿ: ‘ನಮ್ಮಂಥ ಸಣ್ಣ ಮನೆಗೆ ನಾಲ್ಕು ನಕ್ಷತ್ರ ಎಂದರೆ ನಪಾಸು. ಕೊರತೆ ಕಂಡರೆ ಇಲ್ಲಿರುವಾಗಲೇ ಹೇಳಿ, ಸರಿಪಡಿಸುತ್ತೇವೆ.’ ಆಕೆ ಅದನ್ನು ಅಚ್ಚು ಹಾಕಿಸಿ ನೀರಿನ ಹೂಜಿಯ ಪಕ್ಕ ಇಟ್ಟಳು.

ನಾಗಪುರದವರು ಮಹಡಿಯಲ್ಲಿದ್ದಾಗಲೇ ಮಾಸ್ತರರ ಫೋನು ಬಂತು. ಮೊಮ್ಮಗನ ಹಾಸ್ಟೆಲಿನ ಸುದ್ದಿ ಹೇಳಿದರು. ಆಮೇಲೆ, “ನೋಡೀರೇನು, ನಾಲ್ಕು ಕೊಟ್ಟೇನಿ. ನನ್ನ ಕೈಯಿಂದ ನಾಲ್ಕು ಬೀಳೂದು ಕಡಿಮಿ,” ಎಂದು ನಕ್ಕರು.

“ಭಾಳ ಸಂತೋಷ ಆತ್ರಿ ಸರ,” ಎಂದಳು ಆಕೆ. ಬೇರೆ ಏನನ್ನೂ ಹೇಳಲಿಲ್ಲ. ಪ್ರಕಟವಾದ ವಿಮರ್ಶೆಯನ್ನು ತಿದ್ದಲು ಬರುವುದಿಲ್ಲ. ಹೇಳಿದ್ದರೆ ಅವರು ಕೊಟ್ಟ ಎಂಬತ್ತು ಅವರ ಕಣ್ಣೆದುರಿಗೇ ನಪಾಸಾಗುತ್ತಿತ್ತು, ಅಷ್ಟೆ.

ನಾಗಪುರದವರು ಕಾರ್ಡು ಓದಿದರೋ ಇಲ್ಲವೋ, ಐದನ್ನೇ ಕೊಟ್ಟರು. ಆದರೆ ಕೊಟ್ಟದ್ದು ಜುಲೈ 3ರಂದು. ಬ್ಯಾಡ್ಜ್ ಎರಡು ದಿನ ಮೊದಲೇ ಹೋಗಿತ್ತು. ಮುಂದಿನ ಎಣಿಕೆ ಅಕ್ಟೋಬರಿಗೆ. ಜುಲೈ, ಆಗಸ್ಟಿನಲ್ಲಿ ಬುಕಿಂಗ್ ಇಳಿಯಿತು. ಮಳೆಯಿಂದಲೋ ಬ್ಯಾಡ್ಜಿನಿಂದಲೋ ಬಿಡಿಸಿ ಹೇಳಲಾಗದು. ಬಾಯಿಯನ್ನು ಅರ್ಧ ದಿನಕ್ಕೆ ಬರಲು ಹೇಳಿದಳು. ಬೆಳಗಿನ ಹೊತ್ತು ಅತ್ತೆಯ ಮೈ ಒರೆಸಿ ಗಂಜಿ ಕುಡಿಸುವುದು ಆಕೆಯ ಪಾಲಿಗೆ ಬಂತು.

ಆ ದಿನಗಳಲ್ಲಿ ಮಾಸ್ತರರು ಮತ್ತೆ ಫೋನು ಮಾಡಿ, ದಸರೆಗೆ ಮಗಳು ಅಳಿಯ ಪುಣೆಗೆ ಬರುತ್ತಾರೆ, ಕೋಣೆ ಹಿಡಿದಿಡಿ ಎಂದರು. ಸುದ್ದಿ ಕೇಳಿದ ಮಗಳು, “ಅವ್ವಾ, ಕಾರ್ಡಿನೊಳಗ ಕನ್ನಡಾನೂ ಹಾಕ್ಲೇನು?” ಎಂದು ಕೇಳಿದಳು.

ಆಕೆ ಸ್ವಲ್ಪ ಹೊತ್ತು ಯೋಚಿಸಿದಳು. ಉಂಡೆದ್ದವರ ಮುಂದೆ ನಿಂತು, ನೀವು ಹೊಗಳಿದ್ದು ಸಾಲದು ಎಂದು ಕನ್ನಡದಲ್ಲಿ ಹೇಗೆ ಹೇಳುವುದು ಎಂದು ಆಕೆಗೆ ತಿಳಿಯಲಿಲ್ಲ.

“ಕನ್ನಡ ಬ್ಯಾಡ,” ಎಂದಳು.