ಲ್ಯಾಬ್ ಕೋರ್ಸಿನ ಲೆಕ್ಕ

ಪ್ಲಸ್ ಟು ಫಲಿತಾಂಶ ಬಂತೆಂದರೆ ನಮ್ಮ ಹಳೆ ವಿದ್ಯಾರ್ಥಿಗಳ ಮನೆಯವರದ್ದು ಒಂದೇ ಪ್ರಶ್ನೆ: "ಮಾಸ್ಟ್ರೇ, ಮಂಗಳೂರಿಗೆ ಕಳಿಸುವುದಾ?" ಎಂ.ಎಲ್.ಟಿ., ರೇಡಿಯಾಲಜಿ, ಫಿಸಿಯೋಥೆರಪಿ... ಕೇಳುವವರು ಹೆಚ್ಚಾಗಿ ಹೆಣ್ಣುಮಕ್ಕಳ ಅಪ್ಪಂದಿರು. ಬೀಡಿ ಕಟ್ಟಿ, ಅಡಿಕೆ ಸುಲಿದು ನಡೆಯುವ ಮನೆಗಳು. ಗಂಡುಮಕ್ಕಳ ಕಣ್ಣು ಗಲ್ಫಿನ ಮೇಲೆ.

ಕೇರಳದಲ್ಲಿ ಎಲ್.ಬಿ.ಎಸ್. ಸೆಂಟರ್ ಪ್ಲಸ್ ಟು ವಿಜ್ಞಾನದ ಅಂಕ ನೋಡಿ ಸೀಟು ಹಂಚುತ್ತದೆ. ಸರಕಾರಿ ಸೀಟಿನ ಫೀಸು ಕಡಿಮೆ, ಆದರೆ ಪರಿಯಾರಂ, ಕೋಝಿಕ್ಕೋಡ್ ಎಂದು ದೂರ ಹೋಗಬೇಕು. ಮಲೆಯಾಳ ಅರೆಬರೆ ಬರುವ ನಮ್ಮ ಮಕ್ಕಳು ಅಲ್ಲಿ ರೋಗಿಯ ಹತ್ತಿರ ನೋವೆಲ್ಲಿ ಎಂದು ಕೇಳುವುದು ಹೇಗೆ? ಮಂಗಳೂರಿನಲ್ಲಿ ಮಾತು ಸಲೀಸು, ಫೀಸು ಭಾರ. ನಮ್ಮದೇ ಉಕ್ಕಿನಡ್ಕದ ಮೆಡಿಕಲ್ ಕಾಲೇಜಿಗೆ ಕಲ್ಲು ಹಾಕಿದ್ದು 2013ರಲ್ಲಿ, ಎಂ.ಬಿ.ಬಿ.ಎಸ್. ಪ್ರವೇಶ ಶುರುವಾದದ್ದು 2025ರಲ್ಲಿ! ಇರಲಿ.

ಕಾಲೇಜಿನವರು ಕೊಡುವ ಚೀಟಿಯಲ್ಲಿ ಮೊದಲ ವರ್ಷದ ಫೀಸು ಮಾತ್ರ. ನಾವು ಕೂರಿಸಿ ಕೊನೆಯವರೆಗಿನದ್ದು ಬರೆಸುತ್ತೇವೆ: ಹಾಸ್ಟೆಲ್, ಪರೀಕ್ಷೆ ಫೀಸು, ಬಿಳಿ ಕೋಟು, ಇಂಟರ್ನ್‌ಶಿಪ್ಪಿನ ತಿಂಗಳುಗಳ ಊಟ. ಈ ಸಲ ಒಬ್ಬ ಅಪ್ಪ ಮೊತ್ತ ನೋಡಿ ಪೆನ್ನು ಕೆಳಗಿಟ್ಟರು. ಮಗಳು ಅದನ್ನೆತ್ತಿ ಹಾಸ್ಟೆಲಿನ ಸಾಲು ಹೊಡೆದು ಹಾಕಿದಳು. "ರೈಲಿಗೆ ಸೀಸನ್ ಟಿಕೆಟ್ ಮಾಡ್ತೇನೆ ಅಪ್ಪ, ದಿನಾ ಹೋಗಿ ಬರ್ತೇನೆ."